ದೂರಿಲ್ಲದ ಊರೆಲ್ಲ ಸಾಮರಸ್ಯದ ಊರಲ್ಲ

“ನಮ್ಮೂರಲ್ಲಿ ಅಂಥಾದ್ದೇನೂ ಇಲ್ಲ ಬುಡಿ. ಇದ್ದಿದ್ರೆ ಇಷ್ಟು ವರ್ಷದಲ್ಲಿ ಒಂದಾದ್ರೂ ಕೇಸಾಗಿರ್ತಿತ್ತು.”

ಜಾತಿದ್ವೇಷದಿಂದ ನಡೆಯುವ ಅಪರಾಧಗಳನ್ನು ನೊಂದವರು ನಿರ್ಭಯವಾಗಿ ಠಾಣೆಗೆ ತಿಳಿಸುವಂತಾಗಲೆಂದು ಮೈಸೂರು ಜಿಲ್ಲೆಯ ಎನ್. ಬೇಗೂರಿನ ಸುತ್ತಣ ದಲಿತರ ಕಾಲೋನಿಗಳಲ್ಲಿಯೂ ಆದಿವಾಸಿಗಳ ಹಾಡಿಗಳಲ್ಲಿಯೂ ಜಾಗೃತಿಯ ಕಾರ್ಯವೊಂದನ್ನು ಹಮ್ಮಿಕೊಳ್ಳಬೇಕೆಂಬ ಮಾತೆದ್ದಾಗಲೆಲ್ಲ ಮೊದಲು ಕೇಳಿಬರುವ ಉತ್ತರ ಇದೇ. ಹೀಗೆನ್ನುವವರು ದುಷ್ಟರೇನೂ ಅಲ್ಲ. ಬಹುಮಂದಿ ಸಜ್ಜನರು, ಊರಿನ ಶಾಂತಿಯನ್ನು ಮನಸಾರೆ ಬಯಸುವವರು. ಆದರೂ ನಮ್ಮ ಗ್ರಾಮಜೀವನದಲ್ಲಿ ಇಷ್ಟು ಸೌಮ್ಯವಾದ ಮುಖವನ್ನು ಹೊತ್ತು ಇಷ್ಟು ಹಾನಿಯನ್ನು ಮಾಡುವ ಅಸತ್ಯ ಇನ್ನೊಂದಿಲ್ಲವೆಂದು ನಾನು ನಿಸ್ಸಂಶಯವಾಗಿ ನಂಬುತ್ತೇನೆ. ದೂರಿಲ್ಲದಿರುವುದರಿಂದ ದೌರ್ಜನ್ಯವೂ ಇಲ್ಲವೆಂದು ಊಹಿಸುವುದು, ಹಗ್ಗ ಮುಟ್ಟದ ಬಾವಿಯಲ್ಲಿ ನೀರೇ ಇಲ್ಲವೆಂದು ಸಾರಿದಂತೆ.

ಒಂದು ದೂರು ಠಾಣೆಯ ಮೆಟ್ಟಿಲನ್ನು ಮುಟ್ಟಬೇಕಾದರೆ ಏನೇನು ಒದಗಬೇಕೆಂಬುದನ್ನು ಈ ಸಜ್ಜನರು ಒಮ್ಮೆಯಾದರೂ ವಿಚಾರಿಸಿ ನೋಡಬೇಕು. ಶುಂಠಿಯ ಹೊಲದಲ್ಲಿ ಕೂಲಿಗೆ ನಿಂತ ಹೆಂಗಸೊಬ್ಬಳನ್ನು, ಮನೆಯ ಖರ್ಚಿಗೆಂದು ಯಾರಿಂದ ಮುಂಗಡ ತಂದಿರುವಳೋ ಆ ಜಮೀನಿನ ಯಜಮಾನನೇ, ಹತ್ತು ಮಂದಿ ಆಳುಗಳ ಇದಿರಿಗೆ ಜಾತಿಯ ಹೆಸರೆತ್ತಿ ಬೈದನೆಂದು ಭಾವಿಸೋಣ. ಆಕೆ ಮೊದಲು ಮುಂಗಡ ತೀರುವ ಬಗೆಯನ್ನು ಯೋಚಿಸಬೇಕು. ನಾಳೆ ಯಾರೂ ಕೆಲಸಕ್ಕೆ ಕರೆಯದಿದ್ದರೆ ಮಕ್ಕಳ ಗತಿಯೇನೆಂಬುದನ್ನು ಯೋಚಿಸಬೇಕು. ಪಕ್ಕದಲ್ಲಿಯೇ ನಿಂತು ಕೇಳಿದ ಆಳುಗಳು, ಅವರೂ ಅದೇ ಯಜಮಾನನ ಮುಂಗಡಕ್ಕೆ ಕಟ್ಟುಬಿದ್ದವರಾದ್ದರಿಂದ, ಸಾಕ್ಷಿ ಹೇಳುವರೋ ಇಲ್ಲವೋ ಎಂಬುದನ್ನು ಯೋಚಿಸಬೇಕು. ಕಳವಿನದೋ ಜಗಳದ್ದೋ ಆರೋಪ ಹೊರಿಸಿ ತನ್ನ ಗಂಡನ ಮೇಲೆಯೇ ಕೌಂಟರ್ ಕೇಸು ಹಾಕಿಸಿದರೆ ಜಾಮೀನಿಗೆ ನಿಲ್ಲುವವರಾರೆಂದು ಯೋಚಿಸಬೇಕು. ಇಷ್ಟನ್ನೆಲ್ಲ ದಾಟಿದ ಮೇಲೆ ಒಂದು ದಿನದ ಕೂಲಿಯನ್ನು ಬಿಟ್ಟು, ಬಸ್ಸಿನ ಚಾರ್ಜು ಕೊಟ್ಟು, ಸರಗೂರಿಗೋ ಎಚ್.ಡಿ. ಕೋಟೆಗೋ ಹೋಗಿ, ಗುರುತಿಲ್ಲದ ಅಧಿಕಾರಿಯ ಮುಂದೆ, ಬಾಯಲ್ಲಿ ಹೇಳಲೂ ನಾಚಿಕೆಯಾಗುವ ಬೈಗುಳವನ್ನು ಅಕ್ಷರಶಃ ಉಚ್ಚರಿಸಬೇಕು. ಇದರ ನಡುವೆ ಎಲ್ಲಿಯೋ ಒಂದೆಡೆ ಆಕೆ ಕುಸಿದು ಕುಳಿತು “ಹೋಗಲಿ ಬಿಡು” ಎಂದರೆ, ಆ ಊರು ಅಂದಿಗೂ ಸಾಮರಸ್ಯದ ಊರೆಂದೇ ಕಡತದಲ್ಲಿ ಉಳಿಯುತ್ತದೆ.

ಇದು ಕಲ್ಪನೆಯ ಮಾತಲ್ಲವೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. 2021ರ ಸೆಪ್ಟೆಂಬರಿನಲ್ಲಿ ಕೊಪ್ಪಳ ಜಿಲ್ಲೆಯ ಮಿಯಾಪುರದಲ್ಲಿ ಪುಟ್ಟ ಮಗುವೊಂದು ಗುಡಿಯೊಳಗೆ ಕಾಲಿಟ್ಟಿತು. ಗುಡಿಯ ಶುದ್ಧಿಯ ಹೆಸರಿನಲ್ಲಿ ಆ ದಲಿತ ಕುಟುಂಬದ ಮೇಲೆ ಸಾವಿರಾರು ರೂಪಾಯಿಗಳ ದಂಡ ಹೇರಲಾಯಿತು. ಆ ತಂದೆತಾಯಂದಿರು ದೂರು ಕೊಡಲು ಮುಂದೆ ಬರಲಿಲ್ಲ. ಊರಿನಲ್ಲಿ ಬಾಳಬೇಕಾದವರು ಅವರು. ಕೊನೆಗೆ ಸಮಾಜ ಕಲ್ಯಾಣ ಇಲಾಖೆಯ ಅಧಿಕಾರಿಯೇ ದೂರುದಾರರಾಗಿ ನಿಂತ ಮೇಲೆ ಮೊಕದ್ದಮೆ ದಾಖಲಾಗಿ ಬಂಧನಗಳಾದವು. ಆ ಇಲಾಖೆ ಕೈಹಾಕದೆ ಇದ್ದಿದ್ದರೆ, ಮಿಯಾಪುರವೂ ಯಾವ ದೂರೂ ಇಲ್ಲದ ಊರುಗಳ ಪಟ್ಟಿಯಲ್ಲಿ ನೆಮ್ಮದಿಯಾಗಿ ಸೇರಿಹೋಗುತ್ತಿತ್ತು. ಮರುವರ್ಷ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ದೇವರ ಕೋಲನ್ನು ಮುಟ್ಟಿದನೆಂದು ಬಾಲಕನೊಬ್ಬನ ಮನೆಯವರಿಗೆ 60,000 ರೂಪಾಯಿ ದಂಡ ವಿಧಿಸಿದ ಪ್ರಕರಣದಲ್ಲಿಯೂ, ಸಂಘಟನೆಯ ಕಾರ್ಯಕರ್ತರು ಮನೆಬಾಗಿಲಿಗೆ ಬಂದು ಬೆಂಬಲವಾಗಿ ನಿಂತ ಬಳಿಕವೇ ದೂರು ಹುಟ್ಟಿದ್ದು. ಮಿಯಾಪುರದ ಘಟನೆಯ ತರುವಾಯ, 2022ರಲ್ಲಿ, ಸರ್ಕಾರವು ಗ್ರಾಮ ಗ್ರಾಮಗಳಲ್ಲಿ ಅಸ್ಪೃಶ್ಯತೆಯ ವಿರುದ್ಧ ಜಾಗೃತಿ ಮೂಡಿಸಲು ‘ವಿನಯ ಸಾಮರಸ್ಯ’ ಎಂಬ ಯೋಜನೆಯನ್ನು ಆರಂಭಿಸಿತು. ಉದ್ದೇಶ ಸ್ತುತ್ಯವಾದುದು. ಆದರೆ ಜಾಗೃತಿಯೆಂದರೆ ವೇದಿಕೆ, ಹಾರ, ಪ್ರತಿಜ್ಞಾವಿಧಿಗಳೆಂದು ತಿಳಿಯುವ ನಮ್ಮ ಅಭ್ಯಾಸವನ್ನು ಬಿಡದಿದ್ದರೆ, ಆ ಎರಡು ಮನೆಗಳಿಗೆ ಯಾವುದು ಬೇಕಾಗಿತ್ತೋ ಅದು ಇನ್ನಾರಿಗೂ ದೊರೆಯಲಾರದು. ಅವರಿಗೆ ಬೇಕಾಗಿದ್ದದ್ದು ಜೊತೆಗೆ ಬರುವ ಒಬ್ಬ ಮನುಷ್ಯ.

“ಕೇಸು ಹಾಕಿದರೇನು, ಎಲ್ಲವೂ ಖುಲಾಸೆಯಾಗುತ್ತವೆ, ಅಂದ ಮೇಲೆ ಸುಳ್ಳೇ ಇರಬೇಕು” ಎಂಬುದು ಮೊದಲನೆಯ ಅಸತ್ಯದ ಒಡಹುಟ್ಟು. 2000ದ ಮಾರ್ಚ್ 11ರಂದು ಆಗಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರು ಬೆಂಕಿಯಲ್ಲಿ ಬೆಂದು ಸತ್ತರು. ಸಾಕ್ಷಿಗಳು ಪ್ರತಿಕೂಲರಾದುದರಿಂದ 2006ರಲ್ಲಿ ಆರೋಪಿಗಳೆಲ್ಲರೂ ಖುಲಾಸೆಯಾದರು. 2014ರಲ್ಲಿ ಉಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಆ ಏಳು ಹೆಣಗಳು ಸುಳ್ಳೆಂದು ಹೇಳುವ ಧೈರ್ಯ ಯಾರಿಗಿದೆ? ಖುಲಾಸೆಯೆಂದರೆ ಆರೋಪಿಯ ಅಪರಾಧವು ಸಂಶಯಾತೀತವಾಗಿ ಸಿದ್ಧವಾಗಲಿಲ್ಲವೆಂದಷ್ಟೇ ಅರ್ಥ. ಘಟನೆಯೇ ನಡೆಯಲಿಲ್ಲವೆಂದೂ, ದೂರು ಕೊಟ್ಟವನು ಅಸತ್ಯವಾದಿಯೆಂದೂ ಅರ್ಥವಲ್ಲ. ಸಾಕ್ಷಿಗಳು ನಿಂತಲ್ಲಿ ನಿಂತರೆ ಏನಾಗುವುದೆಂಬುದಕ್ಕೆ ಕೊಪ್ಪಳ ಜಿಲ್ಲೆಯ ಮರಕುಂಬಿಯಿದೆ: 2014ರ ಆಗಸ್ಟಿನಲ್ಲಿ ಅಲ್ಲಿನ ದಲಿತರ ಕೇರಿಯ ಮೇಲೆ ನಡೆದ ದಾಳಿಯ ಪ್ರಕರಣದಲ್ಲಿ, ಹತ್ತು ವರ್ಷಗಳ ತರುವಾಯ, 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯವು 101 ಮಂದಿಯನ್ನು ದೋಷಿಗಳೆಂದು ಸಾರಿ, ಅವರಲ್ಲಿ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು.

ಇನ್ನುಳಿದ ನಂಬಿಕೆಗಳಿಗೆ ಇಷ್ಟು ದೀರ್ಘವಾದ ಉತ್ತರ ಬೇಕಾಗಿಲ್ಲ.

ದೂರನ್ನು ಬರೆದೇ ಒಯ್ಯಬೇಕೆಂಬುದು ತಪ್ಪು. ಬಾಯಲ್ಲಿ ಹೇಳಿದರೆ ಸಾಕು. ಅಧಿಕಾರಿಯೇ ಬರೆದುಕೊಂಡು, ಓದಿ ಹೇಳಿ, ಆಮೇಲೆ ಸಹಿಯನ್ನೋ ಹೆಬ್ಬೆಟ್ಟನ್ನೋ ಪಡೆದು, ಪ್ರತಿಯೊಂದನ್ನು ಉಚಿತವಾಗಿ ಕೈಗೆ ಕೊಡತಕ್ಕದ್ದು. 1989ರ ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯ 4ನೆಯ ಪ್ರಕರಣದ ಮೇರೆಗೆ ಈ ಕರ್ತವ್ಯವನ್ನು ಬೇಕೆಂದೇ ಕಡೆಗಣಿಸುವ, ಪರಿಶಿಷ್ಟರಲ್ಲದ ಅಧಿಕಾರಿಗೆ ಆರು ತಿಂಗಳಿಗೆ ಕಡಿಮೆಯಿಲ್ಲದ ಸೆರೆವಾಸವುಂಟು.

ಮೊದಲು ವಿಚಾರಣೆ ನಡೆದು ನಿಜವೆಂದು ಕಂಡರೆ ಮಾತ್ರ ಎಫ್‌ಐಆರ್ ಎಂಬುದು ತಪ್ಪು. ಅದೇ ಕಾಯ್ದೆಗೆ 2018ರಲ್ಲಿ ಸೇರಿದ 18ಎ ಪ್ರಕರಣವು ಪ್ರಾಥಮಿಕ ವಿಚಾರಣೆ ಬೇಕಿಲ್ಲವೆಂದು ಸ್ಪಷ್ಟವಾಗಿ ಹೇಳುತ್ತದೆ. 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿದಿದೆ. ನಮ್ಮ ಸರಹದ್ದಲ್ಲವೆಂದು ಠಾಣೆಯವರು ಹಿಂದಕ್ಕೆ ಕಳುಹಿಸುವಂತಿಲ್ಲ. ದೂರನ್ನು ದಾಖಲಿಸಿಕೊಂಡು ಸಂಬಂಧಪಟ್ಟ ಠಾಣೆಗೆ ತಾವೇ ಕಳುಹಿಸಬೇಕು. ಠಾಣೆಯವರು ದಾಖಲಿಸಿಕೊಳ್ಳಲು ನಿರಾಕರಿಸಿದರೆ ಅದೇ ದೂರನ್ನು ಅಂಚೆಯ ಮೂಲಕ ಜಿಲ್ಲಾ ಪೊಲೀಸ್ ಸೂಪರಿಂಟೆಂಡೆಂಟರಿಗೆ ಕಳುಹಿಸಬಹುದು.

ಹೊಡೆದರೆ ಮಾತ್ರ ಅಪರಾಧವೆಂಬುದು ತಪ್ಪು. ಸಾರ್ವಜನಿಕರ ಕಣ್ಣಿಗೆ ಬೀಳುವ ಸ್ಥಳದಲ್ಲಿ ಜಾತಿಯ ಹೆಸರೆತ್ತಿ ನಿಂದಿಸುವುದು, ಸಾಮಾಜಿಕ ಬಹಿಷ್ಕಾರ ಹಾಕುವುದು, ಗುಡಿಗೆ ಪ್ರವೇಶ ನಿರಾಕರಿಸುವುದು ಇವೆಲ್ಲವೂ ಅಪರಾಧಗಳು. ಹಾಗೆಂದು ಪರಿಶಿಷ್ಟರಿಗೂ ಇತರರಿಗೂ ಬದುವಿನ ವಿಷಯವಾಗಿ ನಡೆದ ಎಲ್ಲ ಜಗಳವೂ ಈ ಕಾಯ್ದೆಯೊಳಗೆ ಬಂದುಬಿಡುವುದೆಂಬುದೂ ತಪ್ಪೇ; ಹೊರಗಿನವರಾರೂ ಇಲ್ಲದ ನಾಲ್ಕು ಗೋಡೆಗಳ ನಡುವಣ ಬೈಗುಳ ‘ಸಾರ್ವಜನಿಕ ದೃಷ್ಟಿ’ಯೊಳಗೆ ಬಾರದೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ಹೇಳಿದೆ. ಜಾಗೃತಿ ಮೂಡಿಸುವವರು ಇದನ್ನು ಮುಚ್ಚಿಡಬಾರದು.

ಈ ಕಾಯ್ದೆ ಕಾಲೋನಿಯವರಿಗಷ್ಟೇ ಎಂಬ ತಿಳಿವಳಿಕೆ ಹಾಡಿಗಳಲ್ಲಿ ಬಲವಾಗಿದೆ. ಜೇನುಕುರುಬ, ಕಾಡುಕುರುಬ, ಯರವ, ಸೋಲಿಗರೆಲ್ಲರೂ ಪರಿಶಿಷ್ಟ ಪಂಗಡದವರು. ಕಾಯ್ದೆಯ ರಕ್ಷಣೆ ಅವರಿಗೂ ಅಷ್ಟೇ ಸಲ್ಲುತ್ತದೆ. 2022ರ ಅಕ್ಟೋಬರಿನಲ್ಲಿ ಇದೇ ಸೀಮೆಯ ಹಾಡಿಯೊಂದರ ಜೇನುಕುರುಬರೊಬ್ಬರು ಅರಣ್ಯ ಇಲಾಖೆಯ ವಶದಲ್ಲಿದ್ದು ಮೃತರಾದಾಗ, ಇಲಾಖೆಯ ಸಿಬ್ಬಂದಿಯ ಮೇಲೆ ಈ ಕಾಯ್ದೆಯಡಿಯಲ್ಲಿಯೂ ಮೊಕದ್ದಮೆ ದಾಖಲಾಯಿತೆಂಬುದನ್ನು ಹಾಡಿಯ ಯಜಮಾನರೆಲ್ಲರೂ ತಿಳಿದಿರಬೇಕು.

ಪರಿಹಾರದ ಹಣದಾಸೆಗೆ ಕೇಸು ಹಾಕುತ್ತಾರೆಂಬ ಮಾತಿಗೆ ನಿಯಮವೇ ಉತ್ತರ: ಜಾತಿನಿಂದನೆಗೆ 2016ರ ನಿಯಮಗಳು ಗೊತ್ತುಮಾಡಿದ ಒಂದು ಲಕ್ಷ ರೂಪಾಯಿಯಲ್ಲಿ ಎಫ್‌ಐಆರ್ ಆದಾಗ ಬರುವುದು ಕಾಲುಭಾಗ, ಆರೋಪಪಟ್ಟಿ ನ್ಯಾಯಾಲಯಕ್ಕೆ ಹೋದ ಮೇಲೆ ಅರ್ಧ, ಶಿಕ್ಷೆಯಾದರೆ ಮಾತ್ರ ಉಳಿದದ್ದು. ಮುಂಗಡವನ್ನೂ ಕೆಲಸವನ್ನೂ ಊರಿನ ಮುಖವನ್ನೂ ಪಣಕ್ಕಿಟ್ಟು ಯಾರೂ ಇಷ್ಟಕ್ಕೆ ಠಾಣೆ ಹತ್ತುವುದಿಲ್ಲ.

ಈ ಮಾತುಗಳನ್ನೆಲ್ಲ ಪೋಣಿಸಿ ನೋಡಿದರೆ ನನ್ನ ವ್ಯಥೆ ಕಾಯ್ದೆಯಿಂದಾಚೆಗೂ ಹರಿಯುತ್ತದೆ. ಯಾರೋ ಬಸ್ಸಿನಲ್ಲಿ ಹೇಳಿದ “ಆ ಕೇಸು ಸುಳ್ಳಂತೆ” ಎಂಬ ಒಂದು ‘ಅಂತೆ’ಯನ್ನು ಪ್ರಶ್ನಿಸದೆ ನಂಬುವ ನಾವು, ಬೈಸಿಕೊಂಡವಳು ಎದುರಿಗೆ ನಿಂತು ಹೇಳುವಾಗ ಮಾತ್ರ ನಾಲ್ವರು ಸಾಕ್ಷಿಗಳನ್ನು ಕೇಳುತ್ತೇವೆ. ಪ್ರಬಲನ ಪರವಾದ ವದಂತಿಗೆ ಪ್ರಮಾಣ ಬೇಡ, ದುರ್ಬಲನ ಅನುಭವಕ್ಕೆ ಮಾತ್ರ ಪ್ರಮಾಣ ಬೇಕು ಎಂಬ ಈ ಮನೋಧರ್ಮ ಅನ್ಯಾಯಕ್ಕೆ ಕೊಡುವ ಸಮ್ಮತಿಯೇ ಹೊರತು ವಿವೇಕವಲ್ಲ. ವಿದ್ಯಾವಂತರಲ್ಲಿ ಅದು ಕಡಿಮೆಯೆಂದು ಹೇಳಲು ನನಗೆ ಆಧಾರ ಕಾಣದು. ಧರ್ಮದ ಹೆಸರಿನಲ್ಲಿ ಹೊಡೆಸಿಕೊಂಡವನ ವಿಷಯದಲ್ಲಿಯೂ, ಭಾಷೆಯ ಹೆಸರಿನಲ್ಲಿ ಅವಮಾನಿತನಾದ ವಲಸೆ ಕೂಲಿಯ ವಿಷಯದಲ್ಲಿಯೂ ನಾವು ನಡೆದುಕೊಳ್ಳುವುದು ಹೀಗೆಯೇ.

ಆದುದರಿಂದ ಬೇಗೂರಿನ ಸುತ್ತ ಜಾಗೃತಿಯ ಕಾರ್ಯ ನಡೆಯುವುದಾದರೆ, ಅದು ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ, ತಲೆಯೆತ್ತಿ ನೋಡಬೇಕಾದ ಎತ್ತರದಲ್ಲಿ, ಕಾಯ್ದೆಯ ಭಾಷೆಯಲ್ಲಿ ಅಂಟಿಸಿದ ಕರಪತ್ರದಲ್ಲಿ ಮುಗಿಯಬಾರದು. ಓದು ಬಾರದ ಹಿರಿಯರಿಗೆ ಹಾಡಿಯ ನುಡಿಯಲ್ಲಿಯೇ ಬಾಯಿಮಾತಿನಲ್ಲಿ ತಿಳಿಸಬೇಕು. ಕೂಲಿಯಿಂದ ಜನ ಮರಳುವ ಸಂಜೆಯ ಹೊತ್ತನ್ನು ಆರಿಸಬೇಕು. 14566 ಎಂಬ ಸಹಾಯವಾಣಿಯ ಅಂಕಿಯನ್ನು ಮಕ್ಕಳಿಗೂ ಬಾಯಿಪಾಠ ಮಾಡಿಸಬೇಕು. ಪರಿಶಿಷ್ಟರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಕಾನೂನು ಸೇವಾ ಪ್ರಾಧಿಕಾರದಿಂದ ದೊರೆಯುವರೆಂದೂ, ತನಿಖೆಗೂ ವಿಚಾರಣೆಗೂ ಹೋಗಿಬರುವ ಖರ್ಚು 15ಎ ಪ್ರಕರಣದ ಮೇರೆಗೆ ನೊಂದವರ ಮತ್ತು ಸಾಕ್ಷಿಗಳ ಹಕ್ಕೆಂದೂ ಹೇಳಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಪ್ರತಿಯೊಂದು ಕಾಲೋನಿಯಲ್ಲಿಯೂ ಹಾಡಿಯಲ್ಲಿಯೂ ಠಾಣೆಯವರೆಗೆ ಜೊತೆಗೆ ಬರುವೆನೆಂದು ಒಪ್ಪಿಕೊಂಡ ಇಬ್ಬರನ್ನಾದರೂ ಮೊದಲು ಹುಡುಕಿ, ಆಮೇಲೆ ಸಭೆಯ ದಿನವನ್ನು ಗೊತ್ತುಮಾಡಬೇಕು.

ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಸೇರತಕ್ಕದ್ದೆಂದು ನಿಯಮವಿದೆ. ಆ ಸಭೆಯಲ್ಲಿ ಪ್ರಕರಣಗಳು ಕಡಿಮೆಯಾದವೆಂದು ಯಾರಾದರೂ ಹೆಮ್ಮೆಯಿಂದ ಹೇಳಿದರೆ, ಎಷ್ಟು ಮಂದಿ ದೂರು ಕೊಡಲು ಬಂದು ಹಿಂದಿರುಗಿದರೆಂದು ಸದಸ್ಯರು ಕೇಳಬೇಕು. ಒಳ್ಳೆಯ ಜಾಗೃತಿಯ ಮೊದಲ ಫಲ ದೂರುಗಳ ಹೆಚ್ಚಳವೇ ಆಗಿರುತ್ತದೆ. ಅದನ್ನು ಊರು ಕೆಟ್ಟಿತೆಂಬುದಕ್ಕೆ ಸಾಕ್ಷಿಯಾಗಿ ಓದುವವರು, ಹಿಂದೆ ಮೌನವನ್ನು ಶಾಂತಿಯೆಂದು ಓದಿದವರೇ. ದೂರುಗಳು ನಿಜವಾಗಿ ಕಡಿಮೆಯಾಗುವ ಕಾಲವೂ ಬರಲಿ. ಆದರೆ ಅದು ದೂರು ಕೊಟ್ಟರೆ ಕೇಳುವವರಿದ್ದಾರೆಂಬ ಭಯ ಬೈಯುವವನ ನಾಲಗೆಗೆ ಹತ್ತಿದ ಮೇಲೆ ಬರಬೇಕು. ಬೈಸಿಕೊಂಡವಳ ನಾಲಗೆ ಕಟ್ಟಿಹೋಗಿರುವಾಗ ಬಂದ ಶೂನ್ಯವನ್ನು ನಾವು ಯಾವ ಕಡತದಲ್ಲಿಯೂ ಸಾಧನೆಯೆಂದು ಬರೆಯಬಾರದು.