ಕೈಚಳಕದಷ್ಟೇ ವಿವೇಚನೆಯೂ ಮುಖ್ಯ

ನಮ್ಮ ಕುಟುಂಬಗಳ ಅನೇಕ ಮಕ್ಕಳು ಇಂದು ಫಿಸಿಯೋಥೆರಪಿ ಶಿಕ್ಷಣದತ್ತ ಒಲವು ತೋರುತ್ತಿದ್ದಾರೆ. ರಾಯಚೂರು ನಗರದಲ್ಲಿಯೇ ಈ ಶಿಕ್ಷಣ ದೊರೆಯುವುದು ಸಂತೋಷದ ಸಂಗತಿ. ಆದರೆ ವ್ಯಾಯಾಮಗಳ ಹೆಸರನ್ನು ಕಂಠಪಾಠ ಮಾಡಿದ ವಿದ್ಯಾರ್ಥಿಯು ರೋಗಿಯ ಮುಂದೆ ಸರಿಯಾಗಿ ಯೋಚಿಸಬಲ್ಲನೇ ಎಂಬುದನ್ನು ಅಳೆಯುವುದು ಹೇಗೆ?

ಮೂವರು ರೋಗಿಗಳು ಬೆನ್ನುನೋವೆಂದು ಬಂದರೆಂದು ಭಾವಿಸೋಣ. ಮಾನ್ವಿಯ ಗದ್ದೆಯಲ್ಲಿ ದಿನವಿಡೀ ಬಾಗಿ ಭತ್ತ ನಾಟಿ ಮಾಡುವ ಮಹಿಳೆಯ ನೋವು ವಿಶ್ರಾಂತಿಯಿಂದ ತಗ್ಗುತ್ತದೆ. ದೇವದುರ್ಗದ ಹಳ್ಳಿಯ ರೈತನಿಗೆ ಬೆನ್ನು, ಕುತ್ತಿಗೆಗಳು ವರ್ಷದಿಂದ ವರ್ಷಕ್ಕೆ ಬಿಗಿಯುತ್ತಿವೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ನಮ್ಮ ಜಿಲ್ಲೆಯ ಹಲವು ಹಳ್ಳಿಗಳ ಅಂತರ್ಜಲದಲ್ಲಿ ಅದು ಮೀರಿದೆ. ಆದ್ದರಿಂದ ಆ ರೈತ ಯಾವ ನೀರು ಕುಡಿಯುತ್ತಾನೆಂದು ಕೇಳುವುದು ಅವಶ್ಯ. ಮೂರನೆಯವನಿಗೆ ರಾತ್ರಿ ನೋವು, ಸಂಜೆ ಜ್ವರ, ತೂಕದ ಇಳಿಕೆ. ಇದು ಬೆನ್ನುಮೂಳೆಯ ಕ್ಷಯವಿರಬಹುದು. ಇಲ್ಲಿ ಬೆನ್ನು ತಿಕ್ಕುವುದಲ್ಲ, ತಡಮಾಡದೆ ವೈದ್ಯರ ಬಳಿಗೆ ಕಳುಹಿಸುವುದೇ ಸರಿಯಾದ ಕ್ರಮ. ದೂರು ಒಂದೇ, ಕಾರಣ ಮೂರು. ಪ್ರಶ್ನೆ ಕೇಳದವನು ಮೂವರಿಗೂ ಒಂದೇ ವ್ಯಾಯಾಮ ಹೇಳಿಯಾನು!

ಒಬ್ಬ ರೋಗಿ, ಒಬ್ಬಿಬ್ಬರು ಪರೀಕ್ಷಕರು ಎಂಬ ಹಳೆಯ ಪದ್ಧತಿಯಲ್ಲಿ ಅದೃಷ್ಟದ ಪಾಲು ಹೆಚ್ಚು. 1975ರಲ್ಲಿ ಸ್ಕಾಟ್ಲೆಂಡಿನ ಡಂಡೀಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು ಇದಕ್ಕೊಂದು ಪರಿಹಾರವನ್ನು ಪ್ರಕಟಿಸಿದರು. ವಿದ್ಯಾರ್ಥಿಗಳೆಲ್ಲರೂ ಹಲವು ನಿಲ್ದಾಣಗಳನ್ನು ಸರದಿಯಂತೆ ಹಾದು, ಅಲ್ಲಲ್ಲಿ ನಿಗದಿತ ನಿಮಿಷಗಳಲ್ಲಿ ಒಂದೊಂದು ಕೆಲಸ ಮಾಡಿ ತೋರಿಸಬೇಕು. ಎಲ್ಲರಿಗೂ ಅಂಕದ ಪಟ್ಟಿ ಒಂದೇ. ಇದು ನ್ಯಾಯವಾದ ಕ್ರಮ. ಆದರೂ ಪಟ್ಟಿಯಲ್ಲಿರುವ ಪ್ರಶ್ನೆಗಳನ್ನು ಅರ್ಥವರಿಯದೆ ಒಪ್ಪಿಸಿ ಅಂಕ ಗಳಿಸಲು ಸಾಧ್ಯ. ಆದುದರಿಂದ ಪರೀಕ್ಷಕರು, “ಈ ಪ್ರಶ್ನೆಯನ್ನು ಏಕೆ ಕೇಳಿದೆ? ಉತ್ತರದಿಂದ ಯಾವ ಅನುಮಾನ ದೂರವಾಯಿತು? ವಾರದಲ್ಲಿ ಗುಣ ಕಾಣದಿದ್ದರೆ ಏನು ಮಾಡುವೆ?” ಎಂದೂ ವಿಚಾರಿಸಬೇಕು. ಕೆನಡಾದಲ್ಲಿ ರೂಪುಗೊಂಡ ಇನ್ನೊಂದು ವಿಧಾನದಲ್ಲಿ, ರೋಗಿಯ ಕುರಿತು ಹೊಸ ಮಾಹಿತಿಯೊಂದನ್ನು ನೀಡಿ, ಮೊದಲಿನ ಅನುಮಾನ ಬಲಗೊಂಡಿತೇ ಕುಗ್ಗಿತೇ ಎಂದು ಕೇಳುತ್ತಾರೆ. ಉತ್ತರವನ್ನು ಅನುಭವಿಗಳ ತೀರ್ಮಾನದೊಂದಿಗೆ ಹೋಲಿಸಿ ಅಂಕ ನೀಡುತ್ತಾರೆ.

ಪಾಲಕರು ಮಕ್ಕಳ ಅಂಕಪಟ್ಟಿಯನ್ನಷ್ಟೇ ನೋಡಿ ತೃಪ್ತರಾಗಬಾರದು. ರಜೆಗೆ ಮನೆಗೆ ಬಂದ ಮಗಳನ್ನು, “ಈ ಬಾರಿ ಎಷ್ಟು ರೋಗಿಗಳನ್ನು ನೋಡಿದೆ? ಯಾರ ವಿಷಯದಲ್ಲಿ ನಿನ್ನ ಮೊದಲ ಅಭಿಪ್ರಾಯ ಬದಲಾಯಿತು?” ಎಂದು ಕೇಳಿ ನೋಡೋಣ. ನಾಳೆ ಹಳ್ಳಿಯ ಬಡರೋಗಿಯು ದಿನಗೂಲಿ ಬಿಟ್ಟು, ಬಸ್ಸು ಹಿಡಿದು ಅವಳ ಬಳಿಗೆ ಬರುವನು. ಅವನ ದುಡಿಯುವ ದೇಹವು ಅವಳ ವಿವೇಚನೆಯನ್ನೇ ನಂಬಿರುತ್ತದೆ.