ಕೊರಳಲ್ಲಿ ತೂಗುವ ದುರ್ಬೀನು

ರಂಗನತಿಟ್ಟಿನ ದಡದಲ್ಲಿ ನಿಂತು ಕಾವೇರಿಯ ನಡುಗಡ್ಡೆಗಳಲ್ಲಿ ಗೂಡುಕಟ್ಟಿರುವ ಬಣ್ಣದ ಕೊಕ್ಕರೆಗಳನ್ನು ನೋಡಬಯಸುವವರಿಗೂ, ಊರ ಹೊರಗಿನ ಗದ್ದೆಯ ಬದುವಿನಲ್ಲಿ ನಡೆಯುತ್ತ ತಂತಿಯ ಮೇಲಿನ ಮಿಂಚುಳ್ಳಿಯ ಕೊಕ್ಕು ಕಪ್ಪೋ ಕೆಂಪೋ ಎಂದು ತಿಳಿಯಬಯಸುವವರಿಗೂ ಬೇಕಾದ ಸಾಧನ ಒಂದೇ. ನಮ್ಮ ಹಿರಿಯರು ದುರ್ಬೀನೆಂದು ಕರೆಯುತ್ತಿದ್ದ, ಈಗ ಬೈನಾಕ್ಯುಲರ್ ಎಂದು ಹೆಸರಾಗಿರುವ ಜೋಡಿ ನಳಿಗೆ. ಅದನ್ನು ಕೊಳ್ಳಲು ಹೊರಟವನು ಅಂಗಡಿಯಲ್ಲಿ ಮೊದಲು ಕೇಳುವ ಪ್ರಶ್ನೆ, “ಇದರಲ್ಲಿ ಎಷ್ಟು ದೂರ ಕಾಣುತ್ತದೆ?” ಎಂಬುದು. ಮೂರು ಲಕ್ಷ ಎಂಬತ್ತು ಸಾವಿರ ಕಿಲೋಮೀಟರು ದೂರದ ಚಂದ್ರನು ಬರಿಗಣ್ಣಿಗೇ ಕಾಣುತ್ತಿರುವಾಗ ಈ ಪ್ರಶ್ನೆಗೆ ಅರ್ಥವೇನಿದೆ?

ನಾನೂ ಅದೇ ಪ್ರಶ್ನೆಯನ್ನು ಕೇಳಿ ಕೆಟ್ಟವನು. ಹಲವು ವರ್ಷಗಳ ಹಿಂದೆ ಒಂದು ಗಿರಿಧಾಮದ ಬೀದಿಬದಿಯಲ್ಲಿ, ಮೈತುಂಬ ದೊಡ್ಡ ದೊಡ್ಡ ಅಂಕೆಗಳನ್ನು ಮುದ್ರಿಸಿಕೊಂಡು ಮಾಣಿಕ್ಯದಂತೆ ಕೆಂಪಗೆ ಹೊಳೆಯುತ್ತಿದ್ದ ಒಂದನ್ನು ಕೊಂಡು ತಂದೆನು. ಅದರೊಳಗೆ ಒಂದು ಹದ್ದು ಎರಡಾಗಿ, ಆ ಎರಡೂ ಮಬ್ಬಾಗಿ ಕಂಡುದಲ್ಲದೆ, ಅರ್ಧ ಗಂಟೆಯೊಳಗೆ ತಲೆನೋವೂ ಬಂದಿತು. ಎರಡು ನಳಿಗೆಗಳೂ ಒಂದೇ ದಿಕ್ಕಿಗೆ ನೋಡುತ್ತಿರಲಿಲ್ಲ. ಅದೀಗ ಮಕ್ಕಳ ಆಟಿಕೆ.

ಪುಟ್ಟ ದುರ್ಬೀನಿನ ಮೇಲೆ 8×25 ಎಂದಿದ್ದರೆ, ಮೊದಲನೆಯ ಅಂಕೆ ವರ್ಧನ; ಎಂದರೆ ವಸ್ತುವು ಎಂಟು ಪಟ್ಟು ಹತ್ತಿರ ಬಂದಂತೆ ತೋರುವುದು. ಎರಡನೆಯದು ಮುಂದಣ ಗಾಜಿನ ವ್ಯಾಸ, ಮಿಲಿಮೀಟರುಗಳಲ್ಲಿ. ವರ್ಧನ ಹೆಚ್ಚಿದಷ್ಟೂ ಲಾಭವೆಂದು ತೋರುವುದು ಸಹಜವೇ. ಆದರೆ ಹಕ್ಕಿಯನ್ನು ಹತ್ತು ಪಟ್ಟು ಹಿಗ್ಗಿಸುವ ಗಾಜು ಕೈಯ ನಡುಕವನ್ನೂ ಅಷ್ಟೇ ಹಿಗ್ಗಿಸುತ್ತದೆ, ನಡುಕವನ್ನು ತಡೆಯುವ ತೂಕವೂ ಪುಟ್ಟ ಸಾಧನದಲ್ಲಿ ಇರುವುದಿಲ್ಲ. ಅದಲ್ಲದೆ ದೃಷ್ಟಿಕ್ಷೇತ್ರವೂ ಕುಗ್ಗುತ್ತದೆ: ಸಾವಿರ ಮೀಟರು ದೂರದಲ್ಲಿ ಎಂಟು ಪಟ್ಟಿನದು ಸಾಧಾರಣವಾಗಿ 110 ಮೀಟರು ಅಗಲವನ್ನು ತೋರಿದರೆ, ಹತ್ತು ಪಟ್ಟಿನದು 90–95 ಮೀಟರಿಗೆ ಇಳಿಯುತ್ತದೆ, ಕೊಂಬೆಯಿಂದ ಕೊಂಬೆಗೆ ಹಾರುವ ಸಣ್ಣ ಹಕ್ಕಿಯನ್ನು ಹುಡುಕುವವನಿಗೆ ಇದು ಸಣ್ಣ ನಷ್ಟವಲ್ಲ.

ಎರಡನೆಯ ಅಂಕೆಯನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿನ ಕಡೆಗೆ ಹೊರಬೀಳುವ ಬೆಳಕಿನ ಕಂಬದ ದಪ್ಪ ದೊರೆಯುತ್ತದೆ. 8×25ರಲ್ಲಿ ಅದು ಸುಮಾರು 3 ಮಿ.ಮೀ., 10×25ರಲ್ಲಿ ಎರಡೂವರೆ. ಹಗಲಿನಲ್ಲಿ ನಮ್ಮ ಕಣ್ಣಿನ ಪಾಪೆ ಎರಡು ಮೂರು ಮಿಲಿಮೀಟರಿಗಿಂತ ಹೆಚ್ಚು ತೆರೆದಿರುವುದಿಲ್ಲವಾದ್ದರಿಂದ, ಬಿಸಿಲಿರುವಷ್ಟು ಹೊತ್ತು ಪುಟ್ಟ ದುರ್ಬೀನು ದೊಡ್ಡದಕ್ಕೆ ಸೋಲುವುದಿಲ್ಲ. ಸೋಲುವುದು ಮುಸ್ಸಂಜೆಯಲ್ಲಿ. ಪಾಪೆ ಐದು ಮಿಲಿಮೀಟರಿನಷ್ಟು ಅಗಲವಾಗಿ ಬೆಳಕಿಗಾಗಿ ಹಸಿದಿರುವ ಆ ಹೊತ್ತಿನಲ್ಲಿ, 25 ಮಿ.ಮೀ. ಗಾಜಿಗಿಂತ ಹೆಚ್ಚುಕಡಮೆ ಮೂರರಷ್ಟು ಬೆಳಕನ್ನು ಸಂಗ್ರಹಿಸುವ 8×42ರ ಮುಂದೆ ಅದು ಮಂಕಾಗುತ್ತದೆ. ಆದರೆ 8×42 ತೂಗುವುದು 600ರಿಂದ 800 ಗ್ರಾಂ. ಪುಟ್ಟದು ಸುಮಾರು 300. ದೊಡ್ಡದನ್ನು ಕೊಂಡ ನನ್ನ ಗೆಳೆಯರೊಬ್ಬರು ಎರಡನೆಯ ಮೈಲಿಗೇ ಅದನ್ನು ಚೀಲದೊಳಗಿಟ್ಟು, ಹಕ್ಕಿ ಹಾರಿಹೋದ ಮೇಲೆ ಹೊರತೆಗೆಯುವುದನ್ನು ಅನೇಕ ಸಲ ಕಂಡಿದ್ದೇನೆ. ಬೆಳಗ್ಗೆ ಸಂಜೆಗಳೆರಡೂ ಬೇಕೆನ್ನುವವರು 8×32ನ್ನು ಕೊಳ್ಳಬಹುದು. ಅದು ಜೇಬಿಗೆ ಇಳಿಯದು, ಕೊರಳಿಗೆ ಭಾರವೂ ಆಗದು.

ಇನ್ನು ಒಳರಚನೆಯ ಮಾತು. ಎರಡು ಉಬ್ಬುಗಾಜುಗಳನ್ನು ಹಾಗೆಯೇ ಜೋಡಿಸಿದರೆ ಲೋಕವೆಲ್ಲ ತಲೆಕೆಳಗಾಗಿ ಕಾಣುವುದಷ್ಟೆ. ಇಟಲಿಯ ಇಗ್ನಾಜಿಯೊ ಪೊರ್ರೊ 1854ರಲ್ಲಿ ಅಶ್ರಗಗಳಿಂದ, ಎಂದರೆ ಪ್ರಿಸಂಗಳಿಂದ, ಬಿಂಬವನ್ನು ನೆಟ್ಟಗೆ ಮಾಡುವ ಉಪಾಯಕ್ಕೆ ಹಕ್ಕುಪತ್ರ ಪಡೆದನು. ಬೆಳಕು ಒಳಗೇ ಮಡಿಚಿಕೊಂಡು ಸಾಗುವುದರಿಂದ ನಳಿಗೆಯೂ ಗಿಡ್ಡವಾಯಿತು. 1894ರಲ್ಲಿ ಯೇನಾ ನಗರದ ಜೈಸ್ ಕಾರ್ಖಾನೆಯು ಅರ್ನ್ಸ್ಟ್ ಅಬ್ಬೆಯ ಪರಿಶ್ರಮದಿಂದ ಅಂಥ ದುರ್ಬೀನುಗಳನ್ನು ಮಾರುಕಟ್ಟೆಗೆ ತಂದಿತು. ಹೆಗಲು ಅಗಲವಾದ ಹಳೆಯ ಮಾದರಿ ಅದೇ. ಮನೆಯ ಮಾಡಿನಂಥ ಮೂಲೆಯುಳ್ಳ ಅಶ್ರಗದಿಂದ ನೇರ ನಳಿಗೆಯ, ಮಡಿಚಿ ಜೇಬಿಗೆ ಹಾಕುವ ಮಾದರಿ ಸಾಧ್ಯವಾಯಿತು. ಈ ಅಶ್ರಗವನ್ನು ನಯವಾಗಿ ಮಾಡುವುದು ಕಷ್ಟ. ಆದುದರಿಂದ ಕಡಮೆ ಬೆಲೆಯಲ್ಲಿ ಹಳೆಯ ಮಾದರಿಯೇ ಮೇಲು.

ಅಂಗಡಿಯಲ್ಲಿ ಸಂಕೋಚಪಡದೆ ಪರೀಕ್ಷಿಸಬೇಕು. ದುರ್ಬೀನನ್ನು ತೋಳಿನಳತೆಯ ದೂರದಲ್ಲಿ ಆಕಾಶಕ್ಕೆದುರಾಗಿ ಹಿಡಿದರೆ ಹಿಂಬದಿಯ ಗಾಜಿನಲ್ಲಿ ಬೆಳಕಿನ ಪುಟ್ಟ ಬಿಲ್ಲೆ ಕಾಣುತ್ತದೆ. ಅದು ದುಂಡಗಿರಬೇಕು, ಅಂಚು ಮಸುಕಾಗಿ ಚೌಕಕ್ಕೆ ತಿರುಗಿರಬಾರದು. ಲೇಪವಿಲ್ಲದ ಗಾಜಿನ ಒಂದೊಂದು ಮೈಯೂ ನೂರಕ್ಕೆ ನಾಲ್ಕು ಪಾಲು ಬೆಳಕನ್ನು ಹಿಂದಿರುಗಿಸುವುದರಿಂದ, ದೀಪದ ಪ್ರತಿಬಿಂಬವು ಬೆಳ್ಳಗೆ ಹೊಳೆಯದೆ ತಿಳಿಹಸಿರಾಗಿಯೋ ನೇರಳೆಯಾಗಿಯೋ ಕಂಡರೆ ಒಳ್ಳೆಯದು; ಅದು ಲೇಪದ ಗುರುತು. ಕನ್ನಡಕ ಧರಿಸುವವರು ಕನ್ನಡಕದೊಡನೆಯೇ ನೋಡಬೇಕು. ಗಾಜಿನಿಂದ 15 ಮಿ.ಮೀ. ಹಿಂದಿದ್ದರೂ ಪೂರ್ಣ ವೃತ್ತ ಕಾಣದಿದ್ದರೆ ಅದು ಅವರಿಗೆ ಹೇಳಿದ್ದಲ್ಲ. ಬಲಗಣ್ಣನ್ನು ಮುಚ್ಚಿ ನಡುವಣ ಚಕ್ರದಿಂದ ಎಡಗಣ್ಣಿಗೆ ಹೊಂದಿಸಿಕೊಂಡು, ಬಳಿಕ ಬಲಗಣ್ಣಿನ ಬಳೆಯನ್ನು ತಿರುಗಿಸಬೇಕೆಂಬ ಸಾಮಾನ್ಯ ವಿಧಿಯನ್ನು ತಿಳಿಯದೆ ಉತ್ತಮ ದುರ್ಬೀನನ್ನು ದೂಷಿಸುವವರೇ ಹೆಚ್ಚು.

ಮಲೆನಾಡಿನವರಿಗೆ ಇನ್ನೊಂದು ಮಾತು. ಅಲ್ಲಿಯ ಮಳೆಗಾಲದಲ್ಲಿ ಗಾಜಿನ ಒಳಮೈಗೇ ಬೂಷ್ಟು ಹಿಡಿಯುವುದರಿಂದ, ಗಾಳಿಗೆ ಬದಲಾಗಿ ಸಾರಜನಕವನ್ನು ತುಂಬಿ ಮುಚ್ಚಿದ, ನೀರು ಹೊಗದ ಮಾದರಿಗೆ ಹೆಚ್ಚು ಹಣ ಕೊಡುವುದು ಲೇಸು. ಮನೆಯಲ್ಲಿ ಅದನ್ನು ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಬಿಗಿಯಾದ ಡಬ್ಬಿಯಲ್ಲಿಡಬೇಕು. ಜೊತೆಯಲ್ಲಿ ಬರುವ ಚರ್ಮದ ಚೀಲವು ತೇವವನ್ನು ಹೀರಿಟ್ಟುಕೊಳ್ಳುತ್ತದೆ. ಎಲೆಯಡಿಕೆ ಇಡುವುದಕ್ಕೆ ಮಾತ್ರ ಅದು ಬಲು ಚೆನ್ನ.