ಸೊಲ್ಲು ಹಿಡಿಯುವ ದನಿಗಳು

ಸೋಬಾನೆ ಪದ ಒಬ್ಬರಿಂದ ಆಗುವ ಹಾಡಲ್ಲ. ಹಾರೋಹಳ್ಳಿ, ಕನಕಪುರ, ಮಾಗಡಿ ಸೀಮೆಯ ಒಕ್ಕಲು ಮನೆಗಳ ಮದುವೆಯಲ್ಲಿ ಚಪ್ಪರದಡಿ ಕೂತ ಹೆಂಗಸರು ತಾವಾಗಿಯೇ ಎರಡು ಪಾಲಾಗುತ್ತಾರೆ. ಪದ ಬಲ್ಲ ಒಬ್ಬಿಬ್ಬರು ಸಾಲು ಎತ್ತಿಕೊಡುತ್ತಾರೆ. ಉಳಿದವರು ಅದನ್ನು ಹಿಂದಿನಿಂದ ಹಿಡಿದು ಸೊಲ್ಲು ಸೇರಿಸುತ್ತಾರೆ. ಪದ ‘ಹಾಡುವುದು’ ಎನ್ನುವುದಕ್ಕಿಂತ ಪದ ‘ಹೇಳುವುದು’ ಎನ್ನುವುದೇ ಇಲ್ಲಿಯ ರೂಢಿ. ಸಂಸ್ಕೃತದ ‘ಶೋಭನ’ ಜನರ ಬಾಯಲ್ಲಿ ಸೋಬಾನವಾಗಿ, ಸೋಬಾನೆಯಾಗಿ ನೆಲೆಯಾಗಿದೆ. ಅದೇ ಮಾತು ಹಾಡಿನ ಹೆಸರೂ ಹೌದು, ಹಿಂದೆ ಕೂತವರು ಮತ್ತೆ ಮತ್ತೆ ಹೇಳುವ ಸೊಲ್ಲೂ ಹೌದು.

ಈ ಪದಗಳಿಗೆ ಮದುವೆಯ ಒಂದೊಂದು ಶಾಸ್ತ್ರದಲ್ಲೂ ಜಾಗವಿದೆ. ಚಪ್ಪರ ಹಾಕುವಾಗ ಒಂದು, ಎಣ್ಣೆ ಅರಿಶಿನ ಹಚ್ಚುವಾಗ ಇನ್ನೊಂದು, ಹಸೆಗೆ ಕರೆಯುವಾಗ ಮತ್ತೊಂದು. ಬೀಗರನ್ನು ಜರೆಯುವ ಪದಗಳಲ್ಲಿ ಹೆಣ್ಣಿನ ಕಡೆಯವರು ಗಂಡಿನ ಕಡೆಯವರ ಸಿರಿತನವನ್ನೆಲ್ಲ ಬಯಲಿಗೆಳೆಯುತ್ತಾರೆ. ಬೇರೆ ಹೊತ್ತಿನಲ್ಲಿ ಆಡಿದರೆ ಜಗಳವಾಗುವ ಮಾತು ಪದದಲ್ಲಿ ಬಂದಾಗ ಯಾರೂ ಸಿಟ್ಟಾಗುವಂತಿಲ್ಲ. ಹೆಣ್ಣು ಒಪ್ಪಿಸುವ ಹೊತ್ತಿಗೆ ದಾಟಿ ನಿಧಾನವಾಗುತ್ತದೆ. ಎತ್ತಿಕೊಡುವವಳ ಗಂಟಲು ಕಟ್ಟಿದರೆ ಹಿಂದಿನವರು ಸಾಲನ್ನು ಮುಂದಕ್ಕೆ ಒಯ್ಯುತ್ತಾರೆ. ಗುಂಪಿನ ಹಾಡುಗಾರಿಕೆಯ ಬಲ ಎದ್ದು ಕಾಣುವುದು ಇಲ್ಲಿಯೇ. ಹಿಂದಿನವರು ಸೊಲ್ಲು ಹೇಳುವಷ್ಟರಲ್ಲಿ ಮುಂದಿನವಳಿಗೆ ಉಸಿರು ಸಿಗುತ್ತದೆ, ಮುಂದಿನ ಸಾಲು ನೆನಪಾಗುತ್ತದೆ, ಬೇಕಾದರೆ ಮದುಮಗಳ ಹೆಸರನ್ನೋ ಊರಿನ ದೇವರನ್ನೋ ಪದದೊಳಕ್ಕೆ ಸೇರಿಸಿಕೊಳ್ಳಲೂ ಎಡೆಯಾಗುತ್ತದೆ. ಬರೆದಿಟ್ಟ ಚೀಟಿಯಿಲ್ಲದೆ ರಾತ್ರಿಯಿಡೀ ಪದ ಸಾಗುವುದು ಹೀಗೆ.

ಹೆಣ್ಣುಮಕ್ಕಳ ಹಾಡಿನಲ್ಲಿ ತ್ರಿಪದಿಗೆ ದೊಡ್ಡ ಪಾಲಿದೆ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ, ಸುಮಾರು ಕ್ರಿ.ಶ. 700ರಲ್ಲೇ, ಕಾಣಿಸುವ ಛಂದಸ್ಸು ಅದು. ಹಾಳೆಯ ಮೇಲೆ ಮೂರು ಸಾಲು; ಬಾಯಲ್ಲಿ ಎರಡನೆಯ ಸಾಲಿನ ಒಂದು ಭಾಗ ಮರಳಿ ಬಂದು ನಾಲ್ಕು ಸಾಲಿನ ತೂಕವಾಗುತ್ತದೆ. ರಾಗಿ ಬೀಸುವಾಗ ಎದುರುಬದುರು ಕೂತ ಇಬ್ಬರು ಒಂದೇ ಗೂಟ ಹಿಡಿದು ಕಲ್ಲು ತಿರುಗಿಸುತ್ತಾರೆ. ಕಲ್ಲಿನ ಸುತ್ತಿಗೂ ಸಾಲಿನ ತಿರುವಿಗೂ ಹೊಂದಿಕೆ ಇರಲೇಬೇಕು. ಒನಕೆಯ ಪೆಟ್ಟಿಗೆ ಹೊಂದುವ ಹಾಡನ್ನು ಹಳೆಯ ಕನ್ನಡ ಗ್ರಂಥಗಳು ‘ಒನಕೆವಾಡು’ ಎಂದು ಕರೆದಿವೆ. ಊರಿಗೆ ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುವ ಪದಗಳು ಬಹುಬೇಗ ಕರಗಿದವು. ಶಾಸ್ತ್ರದ ಪದಗಳು ಅಷ್ಟು ಬೇಗ ಹೋಗಲಿಲ್ಲ. ಗಿರಣಿ ಹಿಟ್ಟು ಬೀಸಿಕೊಟ್ಟೀತು, ಮಗಳನ್ನು ಒಪ್ಪಿಸಿಕೊಡಲಾರದು.

ಈ ಹಾಡುಗಳನ್ನು ಬರೆದಿಡುವ ಕೆಲಸಕ್ಕೆ ಮೊದಲಲ್ಲೇ ದೊಡ್ಡ ಹೆಸರು ತಂದದ್ದು 1931ರ ‘ಗರತಿಯ ಹಾಡು’, ಹಲಸಂಗಿ ಗೆಳೆಯರ ಸಂಗ್ರಹ. ಹಳೆ ಮೈಸೂರು ಕಡೆ ಆ ಕೆಲಸವನ್ನು ಹಟ ಹಿಡಿದು ಮಾಡಿದವರು ನಾಗಮಂಗಲ ಸೀಮೆಯ ಎಚ್.ಎಲ್. ನಾಗೇಗೌಡರು (1915–2005). ಒಬ್ಬಳೇ ಹೆಣ್ಣುಮಗಳ ನೆನಪಿನಿಂದ ಬಂದ ಹಾಡುಗಳನ್ನು ಅವರು ‘ಸೋಬಾನೆ ಚಿಕ್ಕಮ್ಮನ ಪದಗಳು’ ಎಂದು ಪುಸ್ತಕ ಮಾಡಿದರು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು, 1994ರಲ್ಲಿ ರಾಮನಗರದ ಬಳಿ ಮೈಸೂರು ಹೆದ್ದಾರಿಯ ಪಕ್ಕದಲ್ಲಿ ಸುಮಾರು 15 ಎಕರೆಯ ಜಾನಪದ ಲೋಕವನ್ನು ಕಟ್ಟಿದರು. ಅಲ್ಲಿಯ ಧ್ವನಿಮುದ್ರಿಕೆಗಳ ಬೆಲೆ ಪುಸ್ತಕಕ್ಕಿಂತ ಒಂದು ತೂಕ ಹೆಚ್ಚು. ಅಚ್ಚಿನಲ್ಲಿ ಮರುಕಳಿಕೆ ದಂಡವೆಂದು ಸೊಲ್ಲನ್ನು ಒಮ್ಮೆ ಹಾಕಿ ಬಿಟ್ಟುಬಿಡುವುದುಂಟು. ಹಾಗೆ ಬಿಟ್ಟಾಗ ಪದದ ಅರ್ಥ ಉಳಿಯುತ್ತದೆ, ಅದನ್ನು ಹೊತ್ತು ಸಾಗಿದ ಗುಂಪು ಕಣ್ಮರೆಯಾಗುತ್ತದೆ.

ಕರ್ನಾಟಕದಲ್ಲಿ ಹೀಗೆ ಕೂಡಿ ಹಾಡುವ ಹೆಂಗಸರ ಭಾಷೆ ಒಂದೇ ಅಲ್ಲ. ತುಳುನಾಡಿನ ಗದ್ದೆಯಲ್ಲಿ ನಾಟಿಯ ಸಾಲು ಹಿಂದೆ ಸರಿಯುತ್ತಿದ್ದಂತೆ ಒಬ್ಬಳು ‘ಓಬೇಲೆ’ ಎತ್ತುತ್ತಾಳೆ, ಉಳಿದವರು ಕೂಗಿ ಕೂಡಿಕೊಳ್ಳುತ್ತಾರೆ. ಕೊಡವ ಹೆಂಗಸರು ಉಮ್ಮತ್ತಾಟ್‌ನಲ್ಲಿ ಸುತ್ತುಗಟ್ಟಿ ತಾಳ ಬಡಿಯುತ್ತಾ ಹಾಡುತ್ತಾರೆ. ಲಂಬಾಣಿ ತಾಂಡಾಗಳಲ್ಲಿ ತೀಜ್ ಬಂದಾಗ ಮದುವೆಯಾಗದ ಹುಡುಗಿಯರು ಬುಟ್ಟಿಯಲ್ಲಿ ಗೋಧಿ ಬಿತ್ತಿ ಹಾಡಿನ ನಡುವೆ ಸಸಿ ಬೆಳೆಸುತ್ತಾರೆ. ಮದುವಣಗಿತ್ತಿ ತವರು ಬಿಡುವಾಗ ಅತ್ತು ಹಾಡುವ ‘ಢಾವಲೋ’ ಮತ್ತೊಂದು ಬಗೆ. ಆಫ್ರಿಕಾ ಮೂಲದ ಸಿದ್ದಿಯರು ಯಲ್ಲಾಪುರ, ಹಳಿಯಾಳದ ಕಾಡಂಚಿನಲ್ಲಿ ಡಮಾಮಿಯ ಬಡಿತಕ್ಕೆ ಹಾಡಿ ಕುಣಿಯುತ್ತಾರೆ. ಬುರ್ರಕಥೆಯ ದರೋಜಿ ಈರಮ್ಮನವರು (ಮರಣ 2014) ಬುಡ್ಗ ಜಂಗಮರು. ಮನೆಮಾತು ತೆಲುಗಾದರೂ ರಾತ್ರಿಗಟ್ಟಲೆ ಕನ್ನಡದ ಕಥೆ ಹೇಳುತ್ತಿದ್ದರು. ಹಾಲಕ್ಕಿ ಒಕ್ಕಲಿಗರ ಹಾಡಿನ ಕಣಜ ಅಂಕೋಲೆಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು; 2025ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು.

ದೂರದ ಎಸ್ಟೋನಿಯಾದ ಸೇಟೊ ಜನರ ‘ಲೇಲೊ’ ಕೇಳಿದರೆ ಸೋಬಾನೆ ಬಲ್ಲವರಿಗೆ ಪರಿಚಯದ ಮುಖ ಕಂಡಂತಾಗುತ್ತದೆ. ಅಲ್ಲೂ ಒಬ್ಬಳು ಸಾಲು ಕಟ್ಟಿ ಹೇಳುತ್ತಾಳೆ. ಗುಂಪು ಕೊನೆಯ ಅಕ್ಷರಗಳಲ್ಲಿ ಸೇರಿ ಸಾಲನ್ನು ಮತ್ತೆ ಹೇಳುತ್ತದೆ. ಯುನೆಸ್ಕೊ 2009ರಲ್ಲಿ ಅದನ್ನು ತನ್ನ ಪಟ್ಟಿಗೆ ಸೇರಿಸಿತು. ಬಲ್ಗೇರಿಯಾದ ಬಿಸ್ತ್ರಿತ್ಸ ಊರಿನ ಅಜ್ಜಿಯರ ಹಾಡಿಗೆ 2005ರಲ್ಲೇ ಯುನೆಸ್ಕೊದ ಮನ್ನಣೆ ಸಿಕ್ಕಿತ್ತು. ಆದರೆ ಅವರಲ್ಲಿ ಒಂದು ದನಿ ಶ್ರುತಿಯಂತೆ ಕೆಳಗೆ ನಿಂತರೆ ಇನ್ನೊಂದು ಮೇಲೆ ಚಲಿಸುತ್ತದೆ. ಸೋಬಾನೆಯಲ್ಲಿ ಎಲ್ಲರದ್ದೂ ಒಂದೇ ದಾಟಿ, ಬೇರೆಯಾಗುವುದು ಸರದಿ ಮಾತ್ರ. ಊರೂರಿನ ಇಂಥ ಹಾಡು ಕಲಿತು ಒಂದೇ ವೇದಿಕೆಯಲ್ಲಿ ಹಾಡುವ ಹೆಣ್ಣುಮಕ್ಕಳ ಮೇಳಗಳೂ ಹುಟ್ಟಿಕೊಂಡಿವೆ. ಅಮೆರಿಕದ ಲಿಬಾನಾ, ಕಿಟ್ಕಾ ಎರಡೂ 1979ರಲ್ಲಿ ಶುರುವಾದವು. ಅಂಥ ಮೇಳಕ್ಕೆ ಕಷ್ಟದ ಕೆಲಸ ಉಚ್ಚಾರಣೆಯಲ್ಲ, ಯಾವ ಸಾಲಿಗೆ ನಗಬೇಕು, ಯಾವುದಕ್ಕೆ ದನಿ ತಗ್ಗಿಸಬೇಕು ಎಂಬುದು. ಆ ಹಾಡಿನವರ ಜೊತೆ ಕೂತು ಕಲಿಯದೆ ಅದು ಬರುವುದಿಲ್ಲ.

ಹಾರೋಹಳ್ಳಿಯ ಸುತ್ತ ಈಗ ಕೈಗಾರಿಕಾ ಪ್ರದೇಶ ಬೆಳೆದಿದೆ, ಮದುವೆಗಳು ಮನೆಯಂಗಳದಿಂದ ಕಲ್ಯಾಣ ಮಂಟಪಕ್ಕೆ ಸರಿದಿವೆ. ಮಂಟಪದಲ್ಲಿ ವಾದ್ಯದವರ, ಮೈಕಿನವರ ಸದ್ದು ಮುಂದಾಗಿ, ಅರಿಶಿನ ಹಚ್ಚುವ ಪದಕ್ಕೆ ಸಿಗುವುದು ಐದೋ ಹತ್ತೋ ನಿಮಿಷ. ಸೋಬಾನೆ ತಂಡಗಳು ಉತ್ಸವದ ವೇದಿಕೆಗೂ ಏರಿವೆ. ಅಲ್ಲಿ ಹಾಡುವವರು ಕೇಳುವವರಿಗೆ ಎದುರಾಗಿ ಒಂದೇ ಸಾಲಿನಲ್ಲಿ ಕೂರುತ್ತಾರೆ. ಚಪ್ಪರದಲ್ಲಿ ಅವರು ಕೂರುವುದು ಒಬ್ಬರಿಗೊಬ್ಬರು ಮುಖ ಕಾಣುವಂತೆ, ನಡುವೆ ಹಸೆ. ಅಮ್ಮನ, ಸೋದರತ್ತೆಯ ಪಕ್ಕ ಕೂತ ಹುಡುಗಿ ಮೊದಲು ಕಲಿಯುವುದು ಸೊಲ್ಲನ್ನು. ಹತ್ತಾರು ಮದುವೆ ಕಳೆದು ಸಾಲುಗಳು ಬಾಯಿಗೆ ಹತ್ತಿದ ಮೇಲೆ, ಎತ್ತಿಕೊಡುವವರು ನೀರು ಕುಡಿಯಲು ನಿಲ್ಲಿಸಿದಾಗ, ಮುಂದಿನ ಸಾಲನ್ನು ತಾನೇ ಎತ್ತುತ್ತಾಳೆ.